ಪೂರ್ಣ ಹೆಸರಿನ ಒಪ್ಪಿಗೆ

ನಿಯಮ ಮಾಡುವವರನ್ನು ಮನೆಯಲ್ಲಿ ಯಾರೂ ಪ್ರೀತಿಸುವುದಿಲ್ಲ. ನನಗೆ ಅದರ ಅಗತ್ಯವೂ ಇರಲಿಲ್ಲ. ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ, ವಿಜಾಪುರ ರಸ್ತೆಯ ನಮ್ಮ ಮನೆಯಲ್ಲಿ ಸೊಸೆ ಮನೀಷಾಳೊಂದಿಗೆ ಮೊಬೈಲ್ ಪಾಠಗಳನ್ನು ಮಾಡತೊಡಗಿದೆ. ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ಮರಾಠಿ ಓದುವ ಮಕ್ಕಳಿಗಾಗಿ. ಯಾರು ಬೇಕಾದರೂ ಪುಕ್ಕಟೆ ಕೇಳಬಹುದು. ಅಕ್ಷರ, ಕಾಗುಣಿತ, ಎಲ್ಲ ನನ್ನದೇ ಧ್ವನಿ. ನಿಯಮ ಒಂದೇ: ಮಾತಾಡಿದವರು ಪೂರ್ಣ ಹೆಸರು ಹೇಳಿ, ತಮ್ಮ ಬಾಯಿಂದಲೇ ಒಪ್ಪಿಗೆ ಕೊಡದ ಹೊರತು ಅವರ ಧ್ವನಿ ಹೊರಗೆ ಹೋಗಕೂಡದು. (ಪರರ ಧ್ವನಿ ಪರರ ಸೊತ್ತು. ಇದನ್ನು ನಾನು ಊಟದ ಹೊತ್ತಿನಲ್ಲೂ ಹೇಳುತ್ತಿದ್ದೆ.)

ಪಾಠಗಳನ್ನು ಅಂದು ಸಂಜೆ ಎಲ್ಲರಿಗೂ ತೆರೆಯಬೇಕಿತ್ತು. ಮೈಂದರ್ಗಿಯಿಂದ ಬಂದಿದ್ದ ನಾದಿನಿ ರತ್ನಾಬಾಯಿ ಪಾಠಗಳ ಜೊತೆಗೆಂದು ಮೊಬೈಲಿನಲ್ಲಿ ಕಥೆಗಳನ್ನು ಸೊಗಸಾಗಿ ಹೇಳಿದ್ದಳು. ಊರಲ್ಲಿ ಮೊಮ್ಮಕ್ಕಳು ಅವಕ್ಕಾಗಿ ಕಾಯುತ್ತಿದ್ದರು. ಒಪ್ಪಿಗೆಯ ಹೊತ್ತಿಗೆ ಮಾತ್ರ ಆಕೆಯ ಬಾಯಿ ಮುಚ್ಚಿತು. ನಮ್ಮ ಕಡೆ ಪೂರ್ಣ ಹೆಸರೆಂದರೆ ನಡುವೆ ಗಂಡನ ಹೆಸರು ಬರಲೇಬೇಕು. ಆಕೆ ಅದನ್ನು ಆಡುವವಳಲ್ಲ. ಬರೀ ರತ್ನಾಬಾಯಿ ಎಂದರೆ ಸಾಲದೇ ಎಂದು ಮನೀಷಾ ಕೇಳಿದಳು. ಸಾಲದು, ಕಥೆಗಳನ್ನು ತೆಗೆದುಬಿಡು ಎಂದೆ.

ರತ್ನಾಬಾಯಿ ಎದ್ದು ಚೀಲಕ್ಕೆ ಸೀರೆ ತುರುಕತೊಡಗಿದಳು. ಅಕ್ಕಲಕೋಟೆ ಬಸ್ಸು ಹಿಡಿಯುತ್ತೇನೆ, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದಳು. ಇವರು (ನನ್ನ ಯಜಮಾನರು, ಆಕೆಯ ಅಣ್ಣ) ಪತ್ರಿಕೆಯ ಹಿಂದೆ ಇನ್ನಷ್ಟು ಅಡಗಿದರು. ಬಾಗಿಲ ತನಕ ಹೋದವಳು ತಿರುಗಿ ನಿಂತಳು.

"ವೈನಿ, ಕಲಿತವ್ರು ನೀವ. ಮೊದಲ ನೀವ ಹೇಳ್ರಿ. ನಮ್ಮಣ್ಣನ ಹೆಸರು ಸೈತ."

ಮನೀಷಾ ಮೊಬೈಲನ್ನು ನನ್ನ ಮುಂದಿಟ್ಟಳು. ನನ್ನ ಹೆಸರು ಹೇಳಿದೆ. ಕೆಮ್ಮಿದೆ. ನೀರು ಕುಡಿದೆ. ಆ ಹೆಸರನ್ನು ಎಷ್ಟೋ ಕಾಗದಗಳಲ್ಲಿ ಬರೆದವಳು ನಾನು. ಬಾಯಿಂದ ಆಡುವ ಪ್ರಸಂಗ ಬಂದೇ ಇರಲಿಲ್ಲವೆಂಬುದು ಆಗ ತಿಳಿಯಿತು. ನಾಲಿಗೆ ಅಸಹಕಾರ ಚಳವಳಿ ಹೂಡಿತು. ಪತ್ರಿಕೆ ಮೆಲ್ಲಗೆ ಕೆಳಗಿಳಿಯಿತು. ಇವರ ಕಣ್ಣಲ್ಲಿ ಇಷ್ಟು ಕುತೂಹಲವನ್ನು ಮದುವೆಯ ದಿನವೂ ಕಂಡಿರಲಿಲ್ಲ.

ರತ್ನಾಬಾಯಿ ಚೀಲ ಕೆಳಗಿಟ್ಟು ಬಂದು, ತಲೆಯ ಮೇಲೆ ಸೆರಗೆಳೆದು, ಮದುವೆಮನೆಯಲ್ಲಿ ಹೆಂಗಸರು ಗಂಡನ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಹೇಳುವ ಹಾಗೆ ಒಡಪು ಹಾಕಿದಳು:

"ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮ್ಯಾಲ ಬೇಕ ತುಪ್ಪ, ಈ ರತ್ನಾಬಾಯಿ ಮನಿ ದೊರಿ ಮೈಂದರ್ಗಿ ಗೊಲ್ಲಾಳಪ್ಪ. ನನ್ನ ದನಿ ತಗೋರಿ, ಹುಡುಗುರು ಕೇಳ್ಲಿ."

ಒಡಪು ಹೇಳಲು ನನಗೆ ಬಾರದು. (ಒಡಪುಗಳ ಮೇಲೆ ಪ್ರಬಂಧ ಬರೆದಿದ್ದೇನೆ.)

"ಅತ್ತಿ, ರತ್ನಾ ಆತ್ಯಾರ ಒಪ್ಪಿಗಿ ಬರೋಬ್ಬರಿ ಆತ್ರಿ. ನಿಮ್ಮ ಪಾಠ ತಗೀಲೇನ್ರಿ?" ಎಂದಳು ಮನೀಷಾ.

ನನ್ನ ಪರವಾಗಿ ತಾವೇ ಒಪ್ಪಿಗೆ ಕೊಡಬಹುದೇ ಎಂದು ಇವರು ಕೇಳಿದರು. ಒಬ್ಬರ ಒಪ್ಪಿಗೆಯನ್ನು ಇನ್ನೊಬ್ಬರು ಕೊಡುವಂತಿಲ್ಲ ಎಂದು ಅಭ್ಯಾಸಬಲದಿಂದ ನಾನೇ ಗದರಿಬಿಟ್ಟೆ. ಮನೀಷಾ ಬೆರಳಾಡಿಸಿದಳು, ಅ ದಿಂದ ಳ ವರೆಗೆ ನಾನು ಮಾಯವಾದೆ.

ಅಂದು ಕಥೆಗಳಷ್ಟೇ ತೆರೆದವು. ಅಕ್ಷರಗಳನ್ನು ಈಗ ರತ್ನಾಬಾಯಿ ಹೇಳುತ್ತಿದ್ದಾಳೆ. ಆಕೆ ಮಾತಾಡುವಾಗ ಫ್ಯಾನು ಆರಿಸಿ, ಸದ್ದು ಮಾಡದೆ ಕೂಡುವ ಕೆಲಸ ನನ್ನದು.