ರಾಜಾನುಕುಂಟೆಗೆ ಕಳಿಸಿದ ಬಿಸಿ

ಸುಮ್ಮನೆ ಫೋನ್ ಮಾಡುವ ವಿದ್ಯೆ ನನಗೆ ಒಲಿಯಲಿಲ್ಲ. ಕೆಲವರಿಗೆ ಅದು ಹುಟ್ಟಿನಿಂದಲೇ ಬಂದಿರುತ್ತದೆ. ನನ್ನ ಹೆಂಡತಿ ಶಾರದೆ ತನ್ನ ತಂಗಿಗೆ ಫೋನ್ ಹಚ್ಚಿ "ಏನಿಲ್ಲ ಕಣೇ, ಸುಮ್ನೆ ಮಾಡ್ದೆ" ಎಂದು ಶುರು ಮಾಡಿದರೆ, ಅಡುಗೆಮನೆಯಲ್ಲಿ ಕುಕ್ಕರು ಕೂಗಿ ಕೂಗಿ ಸುಸ್ತಾಗುತ್ತದೆಯೇ ಹೊರತು ಮಾತು ಮುಗಿಯುವುದಿಲ್ಲ. ನನಗೋ ಕಾರಣ ಬೇಕು. ಯಾರಾದರೂ ತಾವಾಗಿಯೇ ಫೋನ್ ಮಾಡಿದರೂ "ಹೇಳಿ, ಏನಾಗಬೇಕಿತ್ತು?" ಎಂದುಬಿಡುತ್ತೇನೆ. ವಿಮಾ ಕಚೇರಿಯ ಕೌಂಟರಿನ ಹಿಂದೆ ಕೂತು ಕೂತು ಅಂಟಿಕೊಂಡ ಚಾಳಿ ಇದು. ಒಮ್ಮೆ ರಾಜಾನುಕುಂಟೆಯಿಂದ ನನ್ನ ಅಕ್ಕ ಮುನಿರತ್ನಮ್ಮ ಫೋನ್ ಮಾಡಿದಾಗಲೂ ಅಭ್ಯಾಸಬಲದಿಂದ ಅದೇ ಮಾತು ಬಂತು. "ಏನೂ ಆಗ್ಬೇಕಿಲ್ಲ ಕಣಪ್ಪ, ಮಡಗ್ತೀನಿ" ಎಂದು ಅಕ್ಕ ಫೋನ್ ಇಟ್ಟುಬಿಟ್ಟಳು. ಆಮೇಲೆ ಎಷ್ಟೋ ಕಾಲ ಅವಳು ನನಗೆ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ, ಕಾರಣ ಇರಲಿಲ್ಲವಲ್ಲ.

ಆ ಕಾರಣವನ್ನು ನನಗೆ ಒದಗಿಸಿಕೊಟ್ಟದ್ದು ರೇಕಿ. ನಾವು ಆರ್.ಟಿ. ನಗರದಲ್ಲಿ ಮನೆ ಮಾಡಿಕೊಂಡಿದ್ದೆವು. ಕಂಪ್ಯೂಟರ್ ನೋಡಿ ನೋಡಿ ನನ್ನ ಕತ್ತು ಒಂದೇ ಕಡೆಗೆ ತಿರುಗುವ ಸ್ಥಿತಿಗೆ ಬಂದಿತ್ತು. ಪಕ್ಕದ ರಸ್ತೆಯ ಬೇಕರಿಯ ಮೇಲಿನ ಮಹಡಿಯಲ್ಲಿ ಒಬ್ಬ ಮೇಡಂ ಶನಿವಾರ ಭಾನುವಾರ ರೇಕಿ ಕಲಿಸುತ್ತಾರೆಂದು ಯಾರೋ ಹೇಳಿದರು. ಔಷಧಿಯಿಲ್ಲ, ಸೂಜಿಯಿಲ್ಲ, ಬರೀ ಕೈ ಇಡುವುದು ಎಂದ ಮೇಲೆ ನನ್ನಂಥ ಪುಕ್ಕಲನಿಗೆ ಇನ್ನೇನು ಬೇಕು? ಹೋಗಿ ಸೇರಿಕೊಂಡೆ. ಕಣ್ಣು ಮುಚ್ಚಿ ಕೂರಬೇಕು, ವಿಶ್ವಶಕ್ತಿ ನೆತ್ತಿಯಿಂದ ಇಳಿದು ಅಂಗೈಗೆ ಬರುತ್ತದೆ ಎನ್ನುತ್ತಿದ್ದರು ಮೇಡಂ. ಕೆಳಗಿನಿಂದ ಬಿಸಿ ಬನ್ನಿನ ವಾಸನೆ ಬರುತ್ತಿತ್ತು. ವಿಶ್ವಶಕ್ತಿಯನ್ನು ನೆನೆಯುತ್ತಾ ಕೂತವರೆಲ್ಲ ಒಳಗೊಳಗೇ ಆಲೂ ಬನ್ನು ನೆನೆಯುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಂದು ಮಾತು ಆಣೆ ಮಾಡಿ ಹೇಳುತ್ತೇನೆ, ಎರಡನೇ ದಿನ ನನ್ನ ಅಂಗೈ ನಿಜವಾಗಿಯೂ ಬಿಸಿಯಾಯಿತು. ಅದು ವಿಶ್ವದಿಂದ ಬಂದದ್ದೋ ಬೇಕರಿಯ ಒಲೆಯಿಂದ ಬಂದದ್ದೋ ನಾನು ವಿಚಾರಿಸಲು ಹೋಗಲಿಲ್ಲ.

ಕೈ ಬಿಸಿಯಾದ ಮನುಷ್ಯ ಸುಮ್ಮನೆ ಕೂರುವುದುಂಟೇ? ಮನೆಯಲ್ಲಿ ಯಾರಿಗೆ ಏನು ನೋವಿದೆ ಎಂದು ಕಾಯತೊಡಗಿದೆ. ಶಾರದೆಗೆ ತಲೆನೋವು ಬಂದ ದಿನ ನನಗೆ ಹಬ್ಬ. ಅವಳ ಹಿಂದೆ ನಿಂತು ನೆತ್ತಿಯ ಮೇಲೆ ಎರಡೂ ಕೈ ಇಟ್ಟೆ. ಮಧ್ಯಾಹ್ನದ ಊಟವಾಗಿತ್ತು, ನಿಂತಲ್ಲೇ ನನಗೆ ತೂಕಡಿಕೆ ಬಂದು ಕೈಯ ಭಾರವೆಲ್ಲ ಅವಳ ಮೇಲೆ ಬಿತ್ತು. "ತಲೆನೋವು ಇದ್ದಂಗೇ ಇದೆ ಕಣ್ರೀ, ಜೊತೆಗೆ ಕತ್ತೂ ಹಿಡ್ಕೊಂತು" ಎಂದಳು. ಇನ್ನೊಂದು ಬೆಳಗ್ಗೆ ಸ್ಕೂಟರು ಎಷ್ಟು ಒದ್ದರೂ ಏಳಲಿಲ್ಲ. ಅದರ ಮೇಲೂ ಕೈ ಇಟ್ಟು ಕಣ್ಣು ಮುಚ್ಚಿದೆ, ಮುಂದಿನ ಒದೆತಕ್ಕೇ ಎದ್ದಿತು. ನಾನು ಗೆದ್ದವನ ಹಾಗೆ ನೋಡಿದರೆ ಶಾರದೆ "ಈ ಸಲ ಚೋಕ್ ಎಳೆದ್ರಿ, ನಾನು ನೋಡ್ದೆ" ಅಂದಳು.

ಅದೇ ಹೊತ್ತಿಗೆ ಅಕ್ಕನ ಬಲ ಮಂಡಿ ಕೈಕೊಟ್ಟಿದೆ, ಕೋಲು ಹಿಡಿದು ಓಡಾಡುತ್ತಾಳೆ ಎಂಬ ಸುದ್ದಿ ಬಂತು. ಅಕ್ಕ ನನಗಿಂತ ಬಹಳ ದೊಡ್ಡವಳು. ನಾನು ಹುಡುಗನಾಗಿದ್ದಾಗ ಹೊಟ್ಟೆನೋವು ಎಂದರೆ ಹೊಕ್ಕುಳಿಗೆ ಹರಳೆಣ್ಣೆ ಸವರಿ, ನಾನು ನಿದ್ದೆ ಹೋಗುವವರೆಗೂ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂರುತ್ತಿದ್ದಳು. ಅರ್ಧ ಹೊಟ್ಟೆನೋವುಗಳು ಆ ಕೈಗಾಗಿಯೇ ಬರುತ್ತಿದ್ದವು ಎಂದು ಅವಳಿಗೆ ಗೊತ್ತಿತ್ತೋ ಏನೋ. ಅಂಥವಳ ಮಂಡಿ ನೋಯುತ್ತಿದೆ, ನನ್ನ ಕೈ ಬಿಸಿಯಿದೆ, ಇನ್ನು ತಡವೇಕೆ, ಹೋಗಿ ಕೈ ಇಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆದರೆ ಆಗ ಏರ್‌ಪೋರ್ಟಿಗೆ ಎತ್ತರದ ರಸ್ತೆ ಕಟ್ಟುತ್ತಿದ್ದ ಕಾಲ. ಹೆಬ್ಬಾಳದ ಮೇಲ್ಸೇತುವೆ ಹತ್ತಿದವನು ಯಾವಾಗ ಇಳಿಯುತ್ತಾನೆ ಎಂದು ಹೇಳುವಂತಿರಲಿಲ್ಲ. ಭಾನುವಾರ ಹೋಗೋಣ ಎಂದುಕೊಳ್ಳುತ್ತಿದ್ದೆ, ಭಾನುವಾರ ಕ್ಲಾಸಿರುತ್ತಿತ್ತು. ಅಕ್ಕನ ನೋವು ಕಳೆಯುವ ವಿದ್ಯೆಯನ್ನು ಕಲಿಯುವುದರಲ್ಲೇ ಅಕ್ಕನನ್ನು ನೋಡಲು ಪುರುಸೊತ್ತಾಗಲಿಲ್ಲ.

ಈ ಸಂಕಟಕ್ಕೂ ಮೇಡಂ ಬಳಿ ಉಪಾಯವಿತ್ತು. ಎರಡನೇ ಹಂತ ಕಲಿತವರು ದೂರದಿಂದಲೇ ಶಕ್ತಿ ಕಳಿಸಬಹುದಂತೆ. ಹೇಳಿದ ಹೊತ್ತಿಗೆ ರೋಗಿ ಅಲ್ಲಿ ಮಲಗಿರಬೇಕು, ನಾವು ಇಲ್ಲಿ ಕೂತು ನಮ್ಮದೇ ಮೈಯ ಆ ಭಾಗವನ್ನು ಅವರದೆಂದು ಭಾವಿಸಿ ಕೈ ಇಡಬೇಕು. "ದೂರ ಅನ್ನೋದು ಮನಸ್ಸಿನಲ್ಲಿದೆ ಸರ್" ಎಂದರು ಮೇಡಂ. ಮನಸ್ಸಿನಲ್ಲೂ ಇರಬಹುದು, ಹೆಬ್ಬಾಳದಲ್ಲಂತೂ ಇತ್ತು. ಸಂತೋಷದಿಂದ ಎರಡನೇ ಹಂತಕ್ಕೂ ಸೇರಿದೆ. ಅಕ್ಕನಿಗೆ ಫೋನ್ ಮಾಡಿ ದಿನಾ ಬೆಳಗ್ಗೆ ಏಳು ಗಂಟೆಗೆ ಕಾಲು ಚಾಚಿ ಮಲಗು, ನಾನು ಇಲ್ಲಿಂದ ಕಳಿಸುತ್ತೇನೆ ಎಂದೆ. "ಏನ್ಲಾ ಕಳುಸ್ತೀಯಾ?" ಎಂದಳು. ಶಕ್ತಿ ಅಂದೆ. "ಆಯ್ತು ಕಳ್ಸಪ್ಪ, ನಿನ್ ಕೈಲಾದ್ದು" ಎಂದಳು.

ಅಂದಿನಿಂದ ಬೆಳಗ್ಗೆ ಏಳಕ್ಕೆ ನಾನು ನಡುಮನೆಯ ಮೂಲೆಯ ಕುರ್ಚಿಯಲ್ಲಿ ಕೂತು, ನನ್ನ ಬಲ ಮಂಡಿಯನ್ನು ಅಕ್ಕನ ಬಲ ಮಂಡಿ ಎಂದು ನಂಬಿ, ಎರಡೂ ಕೈ ಅದರ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದೆ. ಮುಗಿದ ಮೇಲೆ ವರದಿ ಕೇಳಲು ಫೋನ್. "ಬಂತಾ ಅಕ್ಕಾ?" ಎಂದರೆ, "ಬಂತು ಕಣ್ಲಾ, ಬೆಚ್ಚಗಾಯ್ತು" ಎನ್ನುತ್ತಿದ್ದಳು. ಮಂಡಿಯ ಮಾತು ಅಲ್ಲಿಗೆ ಮುಗಿಯುತ್ತಿತ್ತು, ಫೋನ್ ಮುಗಿಯುತ್ತಿರಲಿಲ್ಲ. ಅವರ ಹೊಲದ ಪಕ್ಕ ಲೇಔಟ್ ಆಗಿತ್ತು. ಅಲ್ಲಿ ಮನೆ ಕಟ್ಟಿಕೊಂಡವರು ಅಕ್ಕನ ಹಸುಗಳ ಸಗಣಿ ವಾಸನೆ ಎಂದು ದೂರುತ್ತಾರಂತೆ, ಸಂಜೆ ಅವರೇ ಚೊಂಬು ಹಿಡಿದು ಹಾಲಿಗೆ ಬರುತ್ತಾರಂತೆ. "ವಾಸ್ನೆ ಬ್ಯಾಡ, ಆಲು ಮಾತ್ರ ಬೇಕು ಅವ್ರಿಗೆ" ಎಂದು ನಗುತ್ತಿದ್ದಳು. ಭಾವ ಟಿವಿ ಮುಂದೆ ಕೂತು ಧಾರಾವಾಹಿಯ ಸೊಸೆಯನ್ನು ಬೈಯುವುದು, ಅವರೆಕಾಯಿಗೆ ಈ ಸಲ ಸೊಗಡು ಸಾಲದು, ನಾನು ಚಿಕ್ಕವನಿದ್ದಾಗ ಹಲಸಿನ ಅಂಟನ್ನು ತಲೆಗೆ ಮೆತ್ತಿಕೊಂಡು ಅತ್ತದ್ದು, ಎಲ್ಲ ಬರುತ್ತಿತ್ತು. ಅಷ್ಟು ವರ್ಷಗಳಲ್ಲಿ ಅಕ್ಕನ ಜೊತೆ ಆಡದ ಮಾತನ್ನೆಲ್ಲ ಆ ಕೆಲವು ತಿಂಗಳಲ್ಲಿ ಆಡಿದೆ. ನನ್ನ ಬದುಕಿನ ಒಳ್ಳೆಯ ಬೆಳಗುಗಳು ಅವು ಎಂದು ಈಗ ಗೊತ್ತಾಗುತ್ತದೆ. ಆಗ ನಾನು ಚಿಕಿತ್ಸೆ ನಡೆಯುತ್ತಿದೆ ಎಂದು ತಿಳಿದಿದ್ದೆ.

ಹೀಗಿರುವಾಗ ಒಂದು ಬೆಳಗ್ಗೆ ನೀರಿನ ಟ್ಯಾಂಕರು ಬಂತು. ಅದು ಹೇಳಿದ ದಿನ ಬರುವುದಿಲ್ಲ, ಬಂದ ದಿನ ಕಾಯುವುದಿಲ್ಲ. ಪೈಪು ಹಿಡಿದು ಸಂಪಿನ ಬಳಿ ನಿಂತವನಿಗೆ ಅಕ್ಕನೂ ಮರೆತುಹೋದಳು, ಮಂಡಿಯೂ ಮರೆತುಹೋಯಿತು. ಒದ್ದೆ ಪಂಚೆಯಲ್ಲಿ ಒಳಗೆ ಬಂದಾಗ ಏಳೂವರೆ ದಾಟಿತ್ತು. ಮಂಡಿ ಮುಟ್ಟದಿದ್ದರೂ ವಾಡಿಕೆಯಂತೆ ಫೋನ್ ಮಾಡಿದೆ. ನಾನು ಬಾಯಿ ಬಿಡುವ ಮೊದಲೇ ಅಕ್ಕ ಶುರು ಮಾಡಿದಳು. "ಇವತ್ತು ಜೋರಾಗ್ ಬಂತು ಕಣ್ಲಾ! ಕೊಟ್ಟಿಗೆಗಂಟ ಕೋಲಿಲ್ದಂಗೆ ಓಗ್ಬಂದೆ. ಇವತ್ತೇನ್ ಕಳ್ಸಿದ್ದೆ ನೀನು?"

ಏನು ಕಳಿಸಿದ್ದೆ ಎಂದು ಹೇಳಲಿ? ಶಾರದೆಗೆ ಹೇಳಿದರೆ ಅವಳು ಲೋಟ ಕೆಳಗಿಟ್ಟು ನಕ್ಕಳು. "ಹಾಗಾದ್ರೆ ಇನ್ಮೇಲೆ ದಿನಾ ಮರೀರಿ, ಪೂರ್ತಿ ವಾಸಿಯಾಗುತ್ತೆ." ನಕ್ಕು ಮುಗಿದ ಮೇಲೆ ಗಂಭೀರವಾಗಿ, "ಅತ್ತಿಗೆ ಹತ್ರ ಇದನ್ನೆಲ್ಲ ಹೇಳೋಕೆ ಹೋಗ್ಬೇಡಿ ಕಣ್ರೀ. ಹೆಂಗೋ ಮಾತಾಡ್ತಿದೀರಲ್ಲ, ಮಾತಾಡ್ಕೊಂಡಿರಿ" ಎಂದಳು. ನಾನು ಹೆಂಡತಿಯ ಬುದ್ಧಿಮಾತನ್ನು ಕೇಳದೆ ಕೆಟ್ಟ ಸಂದರ್ಭಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಆ ವಾರ ಮೇಡಂ ಬೇರೆ, ಹೊಸದಾಗಿ ಸೇರಿದವರ ಮುಂದೆ ನಿಮ್ಮ ಅಕ್ಕನ ಅನುಭವ ಹೇಳಿ ಸರ್, ಅವರಿಗೆ ಧೈರ್ಯ ಬರುತ್ತೆ ಎಂದರು. ನನ್ನೊಳಗಿನ ಕೌಂಟರಿನ ಗುಮಾಸ್ತ ಎದ್ದು ಕೂತ. ಸುಳ್ಳು ದಾಖಲೆಯ ಮೇಲೆ ಸಹಿ ಹಾಕಿ ಅವನಿಗೆ ಅಭ್ಯಾಸವಿಲ್ಲ. ಮೊದಲು ಅಕ್ಕನಿಗೆ ನಿಜ ಹೇಳಿಬಿಡಬೇಕು ಎಂದು ತೀರ್ಮಾನಿಸಿದೆ.

ಮರುದಿನ ಹೇಳಿಯೇಬಿಟ್ಟೆ. "ಅಕ್ಕಾ, ಮೊನ್ನೆ ನೀನು ಜೋರಾಗಿ ಬಂತು ಅಂದ್ಯಲ್ಲ, ಅವತ್ತು ನಾನು ಕಳಿಸೇ ಇರ್ಲಿಲ್ಲ. ಟ್ಯಾಂಕರ್ ಬಂದಿತ್ತು."

ಕೋಪ ಬರುತ್ತದೇನೋ ಎಂದುಕೊಂಡೆ. ಅಕ್ಕ ನಗಲು ಶುರು ಮಾಡಿದಳು. "ಅಯ್ಯೋ ನಿನ್ನ! ನಾನ್ ಯಾವತ್ಲಾ ಮಲಗಿದ್ದೆ? ಏಳ್ ಗಂಟೆಗೆ ಡೈರಿಗೆ ಆಲಾಕ್ಬೇಡ್ವಾ? ಕ್ಯಾನ್ ಇಡ್ಕೊಂಡು ನಿಂತಿರ್ತಿದ್ದೆ. ನೀನು ಅಷ್ಟು ಆಸೆಯಿಂದ ಬಂತಾ ಬಂತಾ ಅಂತೀಯ, ಇಲ್ಲ ಅನ್ನಾಕೆ ಬಾಯಿ ಬರ್ಲಿಲ್ಲ ಕಣಪ್ಪ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಷ್ಟು ನಕ್ಕದ್ದು ಅದೇ ಕೊನೆ. ಮರುದಿನ ಏಳಕ್ಕೆ ಕುರ್ಚಿಯಲ್ಲಿ ಕೂತೆ, ಫೋನ್ ಕೈಗೆತ್ತಿಕೊಂಡೆ, ಏನು ಕೇಳುವುದು ಎಂದು ತಿಳಿಯಲಿಲ್ಲ. "ಬಂತಾ?" ಎಂದು ಕೇಳುವಂತಿಲ್ಲ, ಬಂತು ಎಂದು ಅವಳು ಹೇಳುವಂತಿಲ್ಲ. ಅದಾದ ಮೇಲೆ ಒಮ್ಮೆ ಧೈರ್ಯ ಮಾಡಿ "ಸುಮ್ನೆ ಮಾಡ್ದೆ ಅಕ್ಕಾ" ಎಂದೆ. "ಯಾಕ್ಲಾ, ಉಸಾರಿಲ್ವಾ?" ಎಂದು ಗಾಬರಿಯಾದಳು. ಇಲ್ಲ, ಚೆನ್ನಾಗಿದ್ದೀನಿ ಎಂದೆ. ನೀನು ಎಂದೆ. ನಾನೂ ಚೆನ್ನಾಗಿದ್ದೀನಿ ಎಂದಳು. ಇಬ್ಬರೂ ಚೆನ್ನಾಗಿದ್ದೇವೆ ಎಂದು ಖಾತ್ರಿಯಾದ ಮೇಲೆ ಹೇಳಲು ಏನೂ ಉಳಿಯದೆ ಫೋನ್ ಇಟ್ಟೆವು. ದಿನಾ ಇದ್ದದ್ದು ವಾರಕ್ಕಾಯಿತು, ವಾರದ್ದು ಹಬ್ಬಕ್ಕಾಯಿತು. ಕ್ಲಾಸಿನಲ್ಲಿ ಅನುಭವ ಹೇಳುವುದೂ ಆಗಲಿಲ್ಲ, ನಾಚಿಕೆಯಿಂದ ಅಲ್ಲಿಗೆ ಹೋಗುವುದನ್ನೇ ಬಿಟ್ಟೆ.

ಎತ್ತರದ ರಸ್ತೆ ಕಟ್ಟಿ ಮುಗಿದ ಮೇಲೆ ನೆಪವೂ ಮುಗಿಯಿತು. ಒಂದು ಭಾನುವಾರ ಸ್ಕೂಟರ್ ಹತ್ತಿ ಯಲಹಂಕದ ಮೇಲೆ ರಾಜಾನುಕುಂಟೆಗೆ ಹೋದೆ. ಅಕ್ಕ ಜಗಲಿಯ ಮೇಲೆ ಕೂತಿದ್ದಳು, ಕೋಲು ಪಕ್ಕದಲ್ಲೇ ಇತ್ತು. ಮೊದಲಿಗಿಂತ ಮೆತ್ತಗಾಗಿದ್ದಳು. ತಣ್ಣನೆಯ ಮಜ್ಜಿಗೆ ತರಿಸಿಕೊಟ್ಟಳು, ಕುಡಿದೆ. ಮಾತು ಹೊರಡಲಿಲ್ಲ. ಕೊನೆಗೆ ನಾನೇ, "ಕಾಲು ಚಾಚಕ್ಕಾ, ಮಂಡಿಗೆ ಕೈ ಇಡ್ತೀನಿ" ಎಂದೆ. ನಾಚಿಕೊಂಡು ಸೀರೆ ಸರಿಪಡಿಸಿಕೊಂಡು ಕಾಲು ಚಾಚಿದಳು. ಅಷ್ಟು ತಿಂಗಳು ಕಣ್ಣು ಮುಚ್ಚಿ ನೆನೆದಿದ್ದ ಮಂಡಿಯನ್ನು ಅಂದು ಮೊದಲ ಸಲ ಮುಟ್ಟಿದೆ. ಊದಿಕೊಂಡಿತ್ತು, ಒಳಗೆ ಕಟಕಟ ಎನ್ನುತ್ತಿತ್ತು. ಇಷ್ಟು ನೋವಿದೆ ಎಂದು ಅವಳು ಫೋನಿನಲ್ಲಿ ಒಂದು ದಿನವೂ ಹೇಳಿರಲಿಲ್ಲ.

"ಕೈ ಇಷ್ಟು ತಣ್ಣಗೈತಲ್ಲೋ" ಎಂದಳು ಅಕ್ಕ. ಮಜ್ಜಿಗೆ ಲೋಟ ಹಿಡಿದಿದ್ದೆ ಅಕ್ಕಾ ಎಂದೆ. ಅವಳು ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದಳು. "ಪೋನ್ನಾಗೇ ಚೆಂದಾಗಿತ್ತು ಕಣ್ಲಾ" ಎಂದಳು.

ಸಂಜೆ ಹೆಬ್ಬಾಳದ ಮೇಲೆ ಬರುವಾಗ ರಸ್ತೆ ಖಾಲಿಯಿತ್ತು, ಎಲ್ಲೂ ನಿಲ್ಲದೆ ಮನೆ ಸೇರಿದೆ. ಈಗಲೂ ಬೆಳಗ್ಗೆ ಏಳಕ್ಕೆ ಅದೇ ಮೂಲೆಯ ಕುರ್ಚಿಯಲ್ಲಿ ಕೂರುತ್ತೇನೆ. ಶಾರದೆ "ಒಂದ್ ಫೋನ್ ಮಾಡ್ರೀ, ಅದಕ್ಕೇನು ಕಾರಣ ಬೇಕಾ?" ಎನ್ನುತ್ತಾಳೆ. ಅಕ್ಕನಿಗೆ ಹೇಳಲು ಒಂದು ಒಳ್ಳೆಯ ಸುಳ್ಳು ಹೊಳೆಯಲಿ ಎಂದು ಕಾಯುತ್ತಿದ್ದೇನೆ ಎಂದು ಅವಳಿಗೆ ಹೇಗೆ ಹೇಳಲಿ? ಕಾಯುವಾಗ ಅಭ್ಯಾಸಬಲದಿಂದ ಎರಡೂ ಕೈ ಬಲ ಮಂಡಿಯ ಮೇಲೆ ಹೋಗಿ ಕೂರುತ್ತವೆ. ಸ್ವಲ್ಪ ಹೊತ್ತಿಗೆ ಬೆಚ್ಚಗೂ ಆಗುತ್ತದೆ. ಎಷ್ಟು ಭಾವಿಸಿಕೊಂಡರೂ ಅದು ಈಗ ನನ್ನದೇ ಮಂಡಿ.