ಲಚ್ಚಿಯ ಲಿವರು, ನನ್ನ ಗಿಣ್ಣ

ಪಥ್ಯದಲ್ಲಿರುವ ಮನುಷ್ಯನಷ್ಟು ಉದಾರಿ ಲೋಕದಲ್ಲಿ ಇನ್ನೊಬ್ಬನಿಲ್ಲ. ತಾನು ತಿನ್ನುವಂತಿಲ್ಲದ್ದನ್ನೆಲ್ಲ ಬೇರೆಯವರಿಗೆ ಬಡಿಸಿ, ಅವರು ಅಗಿಯುವುದನ್ನು ನೋಡಿಯೇ ತೃಪ್ತಿಪಡುತ್ತಾನೆ. ನನಗೆ ಈ ಔದಾರ್ಯ ಬಂದದ್ದು, ಸ್ಕ್ಯಾನಿಂಗ್ ನೋಡಿದ ಡಾಕ್ಟರು “ಲಿವರ್ ತುಂಬ ಕೊಬ್ಬು ಕೂತದ್ರಿ ಸರ್” ಎಂದ ದಿನ. ಬೀದರಿನ ಶಾಲೆಯೊಂದರಲ್ಲಿ ಇಷ್ಟು ವರ್ಷ ಮಕ್ಕಳ ಕೈಲಿ ಲಿವರಿನ ಚಿತ್ರ ಬರೆಸಿದ ವಿಜ್ಞಾನದ ಮಾಸ್ತರ ನಾನು. ನನ್ನ ಸ್ವಂತ ಲಿವರೇ ಹೀಗೆ ಮಾನ ಕಳೆಯಬಹುದೇ? ಹೆಂಡತಿ ಸುಶೀಲಾ ನರ್ಸು. ಔರಾದಿನ ಹೆಣ್ಣು, ಮಾತು ಕಡಿಮೆ, ಕೆಲಸ ಜಾಸ್ತಿ. ಅಂದೇ ಸಂಜೆ ತುಪ್ಪದ ಡಬ್ಬಿ ಕಪಾಟು ಸೇರಿತು, ಕಪಾಟಿನ ಕೀಲಿ ಅವಳ ಪರ್ಸು ಸೇರಿತು.

ಆಗ ನೆನಪಾದವಳು ಲಚ್ಚಿ. ಭಾಲ್ಕಿ ಕಡೆಯ ಸಾಯಗಾಂವದಲ್ಲಿರುವ ನನ್ನ ಎಸ್ತೇರಕ್ಕನ ಎಮ್ಮೆ. ಅಕ್ಕನ ಮನೆ ನಡೆಯುವುದೇ ಅದರ ಹಾಲಿನಿಂದ. ಲಚ್ಚಿ ತುಂಬಿದ ಗಬ್ಬ. ನಮ್ಮ ಮನೆತನದಲ್ಲಿ ಗಬ್ಬದ ಎಮ್ಮೆಯೆಂದರೆ ಹೆರಿಗೆಗೆ ತವರಿಗೆ ಬಂದ ಮಗಳ ಹಾಗೆ, ನೋಡಲು ಹೋದವರು ಬರಿಗೈಯಲ್ಲಿ ಹೋಗುವಂತಿಲ್ಲ. ನಾನು ಶನಿವಾರ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಸೇಂಗಾ ಹಿಂಡಿ, ಮೆಕ್ಕೆಜೋಳದ ನುಚ್ಚು ಕೊಂಡು, ಭಾನುವಾರ ಚರ್ಚ್ ಮುಗಿದ ಕೂಡಲೇ ಚೀಲ ಹೊತ್ತು ಭಾಲ್ಕಿ ಬಸ್ಸು ಹತ್ತುತ್ತಿದ್ದೆ. ಲಚ್ಚಿ ಬುಟ್ಟಿಗೆ ಮೂತಿ ಇಟ್ಟರೆ ನನ್ನ ಬಾಯಲ್ಲಿ ನೀರು.

“ಸಾಕೋ ತಮ್ಮಾ, ಇಷ್ಟ್ಯಾಕ ತಿನ್ನಸ್ತಿ?” ಎನ್ನುತ್ತಿದ್ದಳು ಅಕ್ಕ.

“ತಿನ್ನಲಿ ಬಿಡಕ್ಕಾ. ನಮ್ಮಿಬ್ಬರಾಗ ಒಬ್ಬರರೆ ಹೊಟ್ಟಿ ತುಂಬ ತಿನ್ನಬೇಕಲ್ಲ!”

ಇದರಲ್ಲಿ ನನ್ನ ಸ್ವಾರ್ಥವೂ ಇತ್ತು, ಒಪ್ಪಿಕೊಳ್ಳುತ್ತೇನೆ. ಎಮ್ಮೆ ಈದ ಮೇಲಿನ ಮೊದಲ ಹಾಲಿಗೆ ಬೆಲ್ಲ ಹಾಕಿ ಬೇಯಿಸಿದ ಗಿಣ್ಣವನ್ನು ನನಗೆ ಗುಟ್ಟಾಗಿ ಕೊಡುವುದಾಗಿ ಅಕ್ಕ ಮಾತು ಕೊಟ್ಟಿದ್ದಳು. ಲಚ್ಚಿ ಈದ ಸುದ್ದಿ ಬಂದಾಗ ನಾನು ಕುಣಿದ ರೀತಿಗೆ ಸುಶೀಲಾಗೆ ಅನುಮಾನ ಬಂದು, ಅವಳೂ ಹೊರಟಳು. ಅವಳು ಕರು ನೋಡಲು ಕೊಟ್ಟಿಗೆಗೆ ಹೋದ ಕ್ಷಣವೇ ಅಕ್ಕ ಗಿಣ್ಣದ ಬಟ್ಟಲು ನನ್ನ ಕೈಗಿತ್ತಳು. ಮೊದಲ ತುತ್ತು ಬಾಯಿಗಿಡಬೇಕು, ಅಷ್ಟರಲ್ಲಿ ಕೊಟ್ಟಿಗೆಯಿಂದ ಕೂಗು: “ಅಕ್ಕಾ, ಎಮ್ಮಿ ಮೇವು ಮುಟ್ಟವಲ್ದು!”

ದನದ ಡಾಕ್ಟರು ಬಂದು ಲಚ್ಚಿಯ ಉಸಿರು ಮೂಸಿದರು, ಕಣ್ಣು ನೋಡಿದರು. “ಈಯೋ ಮೊದಲು ಭಾಳ ತಿನ್ನಿಸೀರಿ. ಈಗ ಮೇವು ಬಿಟ್ಟದ, ಮೈಯಾನ ಕೊಬ್ಬು ಕರಗಿ ಲಿವರಿಗಿ ಹೋಗಿ ಕೂಡ್ತದ್ರಿ. ಯಾರ್ರಿ ತಿನ್ನಿಸಿದವರು?”

ಅಕ್ಕ ನನ್ನನ್ನು ನೋಡಿದಳು. ಸುಶೀಲಾ ನನ್ನನ್ನೂ ಬಟ್ಟಲನ್ನೂ ನೋಡಿದಳು. ಲಚ್ಚಿಯೂ ನೋಡಿದಂತಾಯಿತು.

“ಉಳಿತದಲ್ರಿ, ಡಾಕ್ಟರ್ ಸಾಬ್?” ಎಂದಳು ಅಕ್ಕ, ಸಣ್ಣ ದನಿಯಲ್ಲಿ.

“ಎರಡ್ಮೂರು ದಿನ ನೋಡಬೇಕ್ರಿ.”

ಅಕ್ಕನ ಅನ್ನಕ್ಕೆ ನಾನೇ ಕಲ್ಲು ಹಾಕಿದೆನಲ್ಲ! ಶಾಲೆಗೆ ರಜೆ ಹಾಕಿ ಅಲ್ಲೇ ಉಳಿದೆ. ಗ್ಲೂಕೋಸ್ ಬಾಟಲಿ ಎತ್ತಿ ಹಿಡಿದು ನಿಲ್ಲುವ ಕೆಲಸ ನನ್ನದು. ಕೈ ಸೋತಾಗಲೆಲ್ಲ ಲಚ್ಚಿಯ ಕಿವಿಯಲ್ಲಿ ಕ್ಷಮೆ ಕೇಳಿದೆ. ಗಿಣ್ಣ ಯಾರು ತಿಂದರೋ, ಕೇಳುವ ಮುಖ ನನಗಿರಲಿಲ್ಲ. ಮೂರನೆಯ ಬೆಳಿಗ್ಗೆ ಹಸಿ ಜೋಳದ ದಂಟೊಂದನ್ನು ಸುಮ್ಮನೆ ಮೂತಿಗೆ ಹಿಡಿದೆ. ಲಚ್ಚಿ ನಾಲಿಗೆ ಚಾಚಿ ಎಳೆದುಕೊಂಡಳು! “ತಿಂತು ಅಕ್ಕಾ, ತಿಂತು!” ಎಂದು ನಾನು ಅರಚಿದ್ದಕ್ಕೆ, ಹಾವು ಬಂತೆಂದು ಪಕ್ಕದ ಮನೆಯವರು ಬಡಿಗೆ ಹಿಡಿದು ಓಡಿಬಂದರು. ಅಕ್ಕ ಅಳುತ್ತಿದ್ದಳು. ನಾನೂ ಅತ್ತೆ.

ಮುಂದೆ ಹೀಗಾಗಬಾರದೆಂದು ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಬೀದರಿಗೆ ಬಂದು ನೋಡುತ್ತೇನೆ, ಸುಶೀಲಾ ಮಾಡಿಸಿಕೊಂಡ ಅದರ ನಕಲು ನಮ್ಮ ಅಡುಗೆಮನೆಯ ಗೋಡೆಯ ಮೇಲಿದೆ. ದಿನಾ ಅಡ್ಡಾಡಿಸುವುದು. ಅಳತೆ ಮೀರಿ ಹಾಕಬಾರದು. ಹಸಿ ಮೇವು ಧಾರಾಳ. ಪ್ರೀತಿಯಿಂದ ಯಾರೂ ಏನೂ ತಿನ್ನಿಸಕೂಡದು. ಮೇಲ್ಗಡೆ ಲಚ್ಚಿಯ ಹೆಸರು ಹೊಡೆದು ನನ್ನ ಹೆಸರು ಬರೆದಿತ್ತು.

“ಹೆಸರು ತಿದ್ದಿದಿ, ಮೇವು ಅನ್ನೋದು ತಿದ್ದಬೇಕಿಲ್ಲೇನು?” ಎಂದೆ.

“ತಿದ್ದಬೇಕಂತಿದ್ದೆ ರೀ. ಆದ್ರ ಎಮ್ಮಿ ಅದನ್ನೇ ತಿಂದು ಎದ್ದು ನಿಂತದಲ್ಲ.”

ತಟ್ಟೆಯಲ್ಲಿ ಎರಡು ಜೋಳದ ರೊಟ್ಟಿ, ಪಕ್ಕದಲ್ಲಿ ಗುಡ್ಡದಷ್ಟು ಹಸಿ ಮೆಂತ್ಯ, ಮೂಲಂಗಿ. ಬೇರೆ ದಾರಿಯಿಲ್ಲದೆ ಒಂದು ತುತ್ತು ಅಗಿದು ನುಂಗಿದೆ. ಎದುರು ಕೂತು ತೃಪ್ತಿಯಿಂದ ನೋಡುತ್ತಿದ್ದ ಸುಶೀಲಾ ಫೋನೆತ್ತಿ ಸಾಯಗಾಂವಕ್ಕೆ ಕೂಗಿ ಹೇಳಿದಳು: “ತಿಂದ್ರು ಅಕ್ಕಾ, ತಿಂದ್ರು!”