ಕಳ್ಳನಿಗೂ ಬೇಡದ ಕಾರಿನ ಸೈರನ್

ಹಳೆಯ ವಸ್ತು ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಅದರ ಜೊತೆ ಹಿಂದಿನ ಯಜಮಾನನ ಹೆದರಿಕೆಯೂ ಮನೆಗೆ ಬರುತ್ತದೆ. ನನಗಿರುವುದು ಮೂರನೇ ಕ್ಲಾಸಿನ ವಿದ್ಯೆ. ಆದರೂ ಇದನ್ನು ಬರೆಯುತ್ತಿದ್ದೇನೆ. ಯಾಕೆಂದರೆ ಕಾರಿನ ವಯರಿಂಗ್ ಸರಿ ಮಾಡಿದವಳು ನಾನು. ತಾನೇ ಮಾಡಿದೆ ಎಂದು ನಾವಿರುವ ಕಾಮೋಠೆಯಿಡೀ ಹೇಳಿಕೊಂಡು ತಿರುಗುತ್ತಿರುವವನು ನನ್ನ ಮಗ.

ನಮ್ಮದು ಇಡ್ಲಿ, ದೋಸೆ ಹಿಟ್ಟಿನ ವ್ಯಾಪಾರ. ಉಡುಪಿ ಕಡೆಯಿಂದ ಬಂದ ನನ್ನ ಗಂಡ ಠಾಣೆಯ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನು ಗ್ರೈಂಡರ್ ಹಾಕಿದೆ. ಅಳಲಿಕ್ಕೆ ಪುರುಸೊತ್ತಿರಲಿಲ್ಲ, ಅಕ್ಕಿ ನೆನೆದಿತ್ತು. ಈಗ ಮಗ ಸುಧಾಕರ ಬೆಳಿಗ್ಗೆ ನಾಲ್ಕು ಹೋಟೆಲುಗಳಿಗೆ ಹಿಟ್ಟು ಮುಟ್ಟಿಸುತ್ತಾನೆ. ಅದಕ್ಕೆಂದೇ ವಿಠ್ಠಲವಾಡಿಯ ಒಬ್ಬರಿಂದ ಹಳೆ ಕಾರು ತಂದ. ಆ ಮಹಾರಾಯ ಅದಕ್ಕೆ ಬಾಜಾರಿನ ಸೈರನ್ ಒಂದನ್ನು ಹಾಕಿಸಿದ್ದ. ಕಾರಿನ ಒಂದು ಬಾಗಿಲು ಬೇರೆ ಬಣ್ಣದ್ದು, ಒಳಗೆ ಅಗರಬತ್ತಿ ಮತ್ತು ನಾಯಿ ಸೇರಿದ ವಾಸನೆ. ಅದನ್ನು ಕದಿಯುವವನು ಬಂದಿದ್ದರೆ ನಾನೇ ಚಹಾ ಕೊಟ್ಟು ಕಳಿಸುತ್ತಿದ್ದೆ.

ಸೈರನ್ ದಿನಾ ಬೆಳಿಗ್ಗೆ ಕೂಗತೊಡಗಿತು. ಸುಧಾಕರ ಡಬ್ಬಿಗಳನ್ನು ಕಾರಿಗೇರಿಸಿ, ಲಾಕ್ ಮಾಡಿ, ಸ್ನಾನಕ್ಕೆ ಮೇಲೆ ಬಂದ ಕೂಡಲೇ ಶುರು. ಇಳಿದು ನೋಡಿದರೆ ಒಂದು ಬೆಕ್ಕೂ ಇಲ್ಲ. ಒಂದು ದಿನ ನಾನೇ ಕಾರಿನ ಪಕ್ಕ ಸ್ಟೂಲು ಹಾಕಿ ಕುಳಿತೆ. ಗಾಜಿನ ಮೇಲೆ ಬಿಸಿಲು ಬಿತ್ತು. ಒಳಗೆ ಹಿಟ್ಟು ಉಬ್ಬಿತು. ಡಬ್ಬಿಯ ಮುಚ್ಚಳ ಟಪ್ಪೆಂದು ಹಾರಿ ಬಾಗಿಲಿಗೆ ಬಡಿಯಿತು, ಕಾರು ಕಳ್ಳ ಬಂದನೆಂದು ಬೊಬ್ಬೆ ಹೊಡೆಯಿತು. ನನ್ನ ಹಿಟ್ಟು ಉಬ್ಬುವುದು ಹಾಗೆ. ಪ್ಯಾಕೆಟ್ ಹಿಟ್ಟಾಗಿದ್ದರೆ ಸೈರನ್ನಿಗೆ ಒಳ್ಳೆಯ ನಿದ್ದೆ. ಮುಚ್ಚಳ ಸಡಿಲ ಇಟ್ಟು ನೋಡಿದೆವು. ಹಿಟ್ಟು ಉಕ್ಕಿ, ಸೀಟಿನ ಮೇಲೆಯೇ ದೋಸೆ ಹೊಯ್ಯಬಹುದಿತ್ತು.

ಸೊಸೈಟಿಯ ಚೇರ್ಮನ್ ಮನೆ ಬಾಗಿಲಿಗೇ ಬಂದರು. "ಆಜೀ, ಪುನ್ಹಾ ಭೋಂಗಾ ವಾಜಲಾ ತರ್ ಗಾಡಿ ಬಾಹೇರ್!" ಇನ್ನೊಮ್ಮೆ ಕೂಗಿದರೆ ಕಾರು ಗೇಟಿನಾಚೆ ಎಂದು ಅರ್ಥ. ಅದಾದರೂ ಸಹಿಸಬಹುದು. ಈ ರಗಳೆಯಲ್ಲಿ ಎರಡು ಸಲ ತಡವಾಗಿದ್ದಕ್ಕೆ ವಾಶಿಯ ದೊಡ್ಡ ಹೋಟೆಲಿನವರು, ಮೂರನೇ ಸಲವಾದರೆ ಪ್ಯಾಕೆಟ್ ಹಿಟ್ಟು ತರಿಸುತ್ತೇವೆ ಎಂದರು. ಅದನ್ನು ನಾನು ಸಹಿಸುವವಳಲ್ಲ.

ಸೋಮವಾರ ಮತ್ತೆ ಕೂಗಿತು. ರಿಮೋಟಿನ ಯಾವ ಗುಂಡಿ ಒತ್ತಿದರೂ ನಿಲ್ಲಲಿಲ್ಲ. ಸುಧಾಕರ ರಸ್ತೆ ಕೂಡುವ ನಾಕಾದಿಂದ ವಯರಿಂಗ್ ಕೆಲಸದವನನ್ನು ಕರೆತಂದ. ಅವನು ಸ್ಟೇರಿಂಗಿನ ಕೆಳಗೆ ತಲೆ ಹಾಕಿ, ಕಚಕಚ ಕತ್ತರಿಸಿ, ಸೈರನ್ನನ್ನೂ ಅದರ ಕಪ್ಪು ಪೆಟ್ಟಿಗೆಯನ್ನೂ ಕಿತ್ತು ನನ್ನ ಕಾಲಬುಡದಲ್ಲಿಟ್ಟ. ಎಲ್ಲ ಶಾಂತ. ಕೀಲಿ ತಿರುಗಿಸಿದರೆ ಕಾರೂ ಶಾಂತ.

"ಮೌಸೀ, ಗ್ಯಾರೇಜ್ ಲೇಕೆ ಜಾನಾ ಪಡೇಗಾ. ದೋ ದಿನ್."

"ಗ್ಯಾರೇಜಿಗೆ ಒಯ್ದು ಎರಡು ದಿನ ಇಟ್ರೆ ಹಿಟ್ಟು ಎಂತ ಆಗ್ತದೆ ಗೊತ್ತುಂಟಾ ನಿಂಗೆ?" ಎಂದೆ, ಕನ್ನಡದಲ್ಲೇ. ಬೈಗುಳ ಎಲ್ಲರಿಗೂ ಅರ್ಥವಾಗುತ್ತದೆ.

"ಅಮ್ಮ, ನೀನು ಮೇಲೆ ಹೋಗು. ಇದು ಗ್ರೈಂಡರ್ ಅಲ್ಲ," ಎಂದ ಸುಧಾಕರ.

"ಗ್ರೈಂಡರಿನ ವಯರು ಹೋದಾಗ ಒಂದು ದಿನವಾದ್ರೂ ನಿನ್ನನ್ನು ಕರೆದಿದ್ದೇನಾ? ಬ್ಯಾಟರಿ ಬಿಚ್ಚು ಮೊದಲು."

ಸೆರಗು ಸಿಕ್ಕಿಸಿ, ಮೊಣಕಾಲೂರಿ ಬಗ್ಗಿದೆ. ದಪ್ಪನೆಯ ಎರಡು ತುದಿ ನೇತಾಡುತ್ತಿದ್ದವು. ಎರಡೂ ಕಪ್ಪು, ಎರಡಕ್ಕೂ ಹಳದಿ ಗೆರೆ. ಅಂದರೆ ಮೊದಲು ಅದು ಒಂದೇ ವಯರು. ಕಳ್ಳ ಕೀಲಿ ತಿರುಗಿಸಿದರೂ ಕಾರು ಹೊರಡಬಾರದೆಂದು, ಸೈರನ್ ಹಾಕಿದವನು ಅದನ್ನು ನಡುವೆ ತುಂಡರಿಸಿ ಕಪ್ಪು ಪೆಟ್ಟಿಗೆಯ ಮೂಲಕ ಸುತ್ತಿ ತಂದಿದ್ದ. ಪೆಟ್ಟಿಗೆ ಕಿತ್ತ ಮೇಲೆ ವಯರು ತುಂಡಾಗಿಯೇ ಉಳಿಯಿತು. ಇಷ್ಟು ಕಾಣಲು ಓದು ಯಾಕೆ? ತುದಿ ಸುಲಿದೆ, ಹೊಸೆದೆ, ಟೇಪು ಸುತ್ತಿದೆ. ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದಾಗ ಕಾರು ಒಮ್ಮೆ ಕೆಮ್ಮಿ ಶುರುವಾಯಿತು.

ವಯರಿಂಗಿನವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಮೌಸೀ, ಮೇರೆ ಇಧರ್ ಕಾಮ್ ಪೆ ಲಗ್ ಜಾವ್." ತನ್ನಲ್ಲೇ ಕೆಲಸಕ್ಕೆ ಸೇರಿಕೊಳ್ಳಬೇಕಂತೆ ನಾನು.

ವಾಶಿಯಲ್ಲಿ ಕಾವಲಿ ಕಾಯುವಷ್ಟರಲ್ಲಿ ನನ್ನ ಹಿಟ್ಟು ಮುಟ್ಟಿತು.

ಕುಂದು ಒಂದೇ ಒಂದು. ಹಿಂದಿನ ಬಾಗಿಲು ಲಾಕ್ ಆಗುತ್ತಿದ್ದುದೂ ಆ ಪೆಟ್ಟಿಗೆಯಿಂದಲೇ. ಈಗ ಅದು ಲಾಕ್ ಆಗುವುದಿಲ್ಲ. ಹಾಗಾಗಿ ಸುಧಾಕರ ಡಬ್ಬಿ ಹೊತ್ತು ಹೋಟೆಲಿನೊಳಗೆ ಹೋದಾಗ, ಉಳಿದ ಹಿಟ್ಟಿನ ಕಾವಲಿಗೆ ನಾನು ಮುಂದಿನ ಸೀಟಿನಲ್ಲಿ. ಮೊನ್ನೆ ವಾಶಿಯಲ್ಲಿ ಯಾರೋ ಒಬ್ಬ ಮೊಬೈಲ್ ನೋಡುತ್ತ ಬಂದು ಬಾಗಿಲಿಗೆ ಒರಗಿದ. ನಾನು ಬಾಯಿ ತೆರೆದೆ. ಅವನ ಮೊಬೈಲ್ ನೆಲಕ್ಕೆ ಬಿತ್ತು. ಹೋಟೆಲಿನ ಶೆಟ್ರು ಸಟ್ಟುಗ ಹಿಡಿದುಕೊಂಡೇ ಹೊರಗೆ ಓಡಿ ಬಂದರು, ಹಿಂದೆಯೇ ಸುಧಾಕರ.

"ಸುಧಾಕರಾ, ಸೈರನ್ ತೆಗ್ಸಿದೆ ಅಂದ್ಯಲ್ಲ ಮಾರಾಯ? ಇದು ಮೊದಲಿನದಕ್ಕಿಂತ ಜೋರುಂಟು! ರಿಮೋಟ್ ಎಲ್ಲಿ ಇದರದ್ದು?"

ಮಗ ಬಗ್ಗಿ ಆ ಮೊಬೈಲ್ ಹೆಕ್ಕಿಕೊಟ್ಟ. ನಾನೇ ಹೇಳಿದೆ: "ರಿಮೋಟ್ ಇಲ್ಲ ಶೆಟ್ರೇ. ನಮ್ಮ ಯಜಮಾನರು ಮೂವತ್ತು ವರ್ಷ ಹುಡುಕಿದ್ರು, ಸಿಗ್ಲಿಲ್ಲ."